ಪ್ರತಿಮಾಳ ನೇರಳೆ ಬಂದೂಕು

ಆಪತ್ತಿನಲ್ಲಿ ಗೆಳತಿಯರನ್ನು ಕಾಪಾಡುವ ನನ್ನ ಯೋಗ್ಯತೆಯ ಬಗ್ಗೆ ನನಗೆ ಲವಲೇಶವೂ ಸಂಶಯವಿರಲಿಲ್ಲ. ನಿಟ್ಟೆಯ ಹಾಸ್ಟೆಲಿನಲ್ಲಿ ಪ್ರತಿಮಾ, ರೇಷ್ಮಾ ಮತ್ತು ನಾನು ಒಂದೇ ಲ್ಯಾಪ್‌ಟಾಪಿನ ಮುಂದೆ ಸರದಿಯಲ್ಲಿ ಕೂತು ಲೆಕ್ಕವಿಲ್ಲದಷ್ಟು ರಾಕ್ಷಸರನ್ನು ಕೊಂದವರು! ಈಗ ಪ್ರತಿಮಾ ಅಬುಧಾಬಿಯಲ್ಲಿ, ರೇಷ್ಮಾ ಕಾರ್ಕಳದಲ್ಲಿ, ನಾನು ಕಾಪುವಿನಲ್ಲಿ. ಮೂವರೂ ಸೇರುವುದು ಭಾನುವಾರ ಬೆಳಿಗ್ಗೆ, ಅದೂ ಆಟದೊಳಗೆ. ಒಟ್ಟಾಗಿ ಶತ್ರುಗಳನ್ನು ಹೊಡೆಯುವುದು, ಅವರಿಂದ ಉದುರಿದ ಬಂದೂಕು, ಕವಚಗಳನ್ನು ಆರಿಸಿಕೊಳ್ಳುವುದು. ನಡುವೆ ಹೆಡ್‌ಫೋನಿನಲ್ಲಿ ಊರಿನ ಸುದ್ದಿಯೆಲ್ಲ.

ಮರುವಾರದಿಂದ ಪ್ರತಿಮಾಳ ಪಾಳಿ ಬದಲಾಗಿ ಭಾನುವಾರದ ರಜೆ ಹೋಗುವುದಿತ್ತು. ಹಾಗಾಗಿ ಆ ಭಾನುವಾರದ್ದೇ ನಮ್ಮ ಕೊನೆಯ ಆಟ. ಆಟದಲ್ಲಿ ಬರುವ ಕೋಟೆಯ ದೈತ್ಯನನ್ನು ಕೊಂದರೆ ಅಪರೂಪಕ್ಕೊಮ್ಮೆ ನೇರಳೆ ಬಣ್ಣದ ಬಂದೂಕು ಬೀಳುತ್ತದೆ. ಅವಳು ಅದಕ್ಕಾಗಿ ಮೂರು ತಿಂಗಳಿನಿಂದ ಕಾಯುತ್ತಿದ್ದಳು.

“ಇವತ್ತು ನಿನಗೆ ಅದನ್ನು ಕೊಡಿಸಿಯೇ ಸಿದ್ಧ!” ಎಂದು ಘೋಷಿಸಿದೆ.

“ನೀನು ಎಂತದ್ದೂ ಮಾಡಬೇಡ ಮಾರಾಯ್ತಿ. ಹಿಂದೆ ನಿಂತರೆ ಸಾಕು,” ಎಂದಳು ರೇಷ್ಮಾ.

ಯುದ್ಧ ರಂಗೇರುವಾಗಲೇ ಅಡುಗೆಮನೆಯಿಂದ ನನ್ನ ಗಂಡನ ಸ್ವರ ಬಂತು. “ಕುಕ್ಕರ್ ಆರು ಸೀಟಿ ಹಾಕಿತು! ಅದನ್ನು ನಿಲ್ಲಿಸುವ ಬಟನ್ ನಿನ್ನ ಆಟದಲ್ಲಿ ಉಂಟಾ?”

ಓಡಿದೆ. ಒಲೆ ಆರಿಸುತ್ತಾ, “ಎಂತ ಮಾಡುವುದು? ಪ್ರತಿಮಾಳಿಗೆ ಗುರಿ ಎಂಬುದೇ ಇಲ್ಲ. ಎಲ್ಲ ನಾನೇ ಸುಧಾರಿಸಬೇಕು!” ಎಂದು ಗಂಡನಿಗೆ ವಿವರಿಸಿದೆ. ಹೆಡ್‌ಫೋನ್ ಕೊರಳಲ್ಲೇ ಇತ್ತು. ಮೈಕೂ ಎಚ್ಚರವಾಗಿಯೇ ಇತ್ತು!

ಮರಳಿ ಕೂತಾಗ ಅಬುಧಾಬಿ ಕೇಳಿತು: “ಗುರಿ ಇಲ್ಲದವಳು ಮಾತಾಡ್ತಿದ್ದೇನೆ. ಬಂದ್ಯಾ?”

ಮಾನ ಉಳಿಸಿಕೊಳ್ಳಲು ದೈತ್ಯನ ಮೇಲೆ ಬಾಂಬು ಎಸೆದೆ. ದೈತ್ಯ ಸತ್ತ. ಪಕ್ಕದಲ್ಲಿದ್ದ ಪ್ರತಿಮಾಳೂ ನೆಲಕ್ಕುರುಳಿದಳು.

“ಬಿತ್ತು! ನೇರಳೆ ಬಿತ್ತು!” ಅವಳು ಮಲಗಿದಲ್ಲಿಂದಲೇ ಕಿರುಚಿದಳು. “ಎತ್ತಿಕೊಂಡು ನನಗೆ ಕೊಡು. ಬೇರೆ ಎಂತದ್ದೂ ಒತ್ತಬೇಡ!”

ಎತ್ತಿಕೊಂಡೆ. ಕೊಡಲೆಂದು ಒಂದು ಬಟನ್ ಒತ್ತಿದೆ. ಬಂದೂಕನ್ನು ಪುಡಿ ಮಾಡಲಾಗಿದೆ ಎಂದು ಪರದೆ ವಿನಯದಿಂದ ತಿಳಿಸಿತು. ಮೂರು ತಿಂಗಳ ತಪಸ್ಸಿಗೆ ನಾಲ್ಕು ತುಂಡು ಕಬ್ಬಿಣ!

ಅಷ್ಟರಲ್ಲಿ ಹೊರಗೆ ಪೊಂ ಪೊಂ ಎಂದು ಹಾರ್ನ್ ಕೇಳಿತು.

“ಅದು ಮೀನಿನವರಾ?” ಪ್ರತಿಮಾಳ ಸ್ವರ ಸಣ್ಣದಾಗಿತ್ತು. “ಇವತ್ತು ಎಂತ ಮೀನುಂಟು, ಕೇಳು.”

ಕಿಟಕಿಯಿಂದ ಕೇಳಿದೆ. “ಬಂಗುಡೆ, ಬೂತಾಯಿ!” ಎಂಬ ಉತ್ತರ ಅಬುಧಾಬಿಯವರೆಗೂ ಹೋಯಿತು.

“ಇನ್ನೊಮ್ಮೆ ಹಾರ್ನ್ ಹಾಕ್ಲಿಕ್ಕೆ ಹೇಳು.”

ಹೇಳಿದೆ. ಮೀನಿನವರು ನನ್ನನ್ನು ವಿಚಿತ್ರವಾಗಿ ನೋಡಿ ಮೂರು ಸಲ ಹಾಕಿದರು. ಹೆಡ್‌ಫೋನಿನಲ್ಲಿ ಯಾರೋ ಮೂಗು ಎಳೆದುಕೊಂಡರು. ರೇಷ್ಮಾ ತನಗೆ ಶೀತ ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ.

“ಬಂದೂಕು ಹೋದರೆ ಹೋಗಲಿ,” ಎಂದಳು ಪ್ರತಿಮಾ. “ಹೋಗ್ತೇನೆ. ಬಟ್ಟೆ ಒಗೀಲಿಕ್ಕುಂಟು.”

ಪರದೆಯಿಂದ ಅವಳ ಹೆಸರು ಅಳಿಯಿತು. ಸ್ವಲ್ಪ ಹೊತ್ತಿಗೆ ರೇಷ್ಮಾಳದೂ. ಅಷ್ಟು ದೊಡ್ಡ ಕೋಟೆಯಲ್ಲಿ ನಾನೊಬ್ಬಳೇ ಉಳಿದೆ.

“ಆಟ ಮುಗಿಯಿತಲ್ವಾ? ಊಟಕ್ಕೆ ಬಾ,” ಎಂದರು ಗಂಡ.

ಹೋಗಬಹುದಿತ್ತು. ಆದರೆ ಹೊರಬರುವ ಬಟನ್ ಯಾವುದೆಂದು ಪ್ರತಿ ಭಾನುವಾರ ಹೇಳಿಕೊಡುತ್ತಿದ್ದವಳು ಪ್ರತಿಮಾ!