ಅವಳಿ ಬಾಣಲೆಗಳು ಮತ್ತು ಗುರುವಾರದ ಪಾಸ್ತಾ

ಸಾಸೇಜ್, ತರಕಾರಿ ಹಾಕಿದ ಪಾಸ್ತಾವನ್ನು ಮನೆಯಲ್ಲೇ ಮಾಡಿಕೊಂಡರೆ, ಹೋಟೆಲಿನಲ್ಲಿ ಒಬ್ಬರು ಉಣ್ಣುವ ದುಡ್ಡಿನಲ್ಲಿ ಇಡೀ ಮನೆ ಉಂಡು ಮರುದಿನದ ಡಬ್ಬಿಗೂ ಮಿಗುತ್ತದೆ. ಸಿಕ್ಕಸಿಕ್ಕವರಿಗೆಲ್ಲ ನಾನು ಹೇಳುವ ಲೆಕ್ಕವಿದು. ನನಗೆ ಮಾತ್ರ ಒಂದು ಗುರುವಾರದ ಪಾಸ್ತಾ, ನವೆಂಬರಿನವರೆಗಿನ ನನ್ನ ಎಲ್ಲ ಶನಿವಾರಗಳ ಬೆಲೆಗೆ ಬಿತ್ತು. ಕಾರಣ ಇಷ್ಟೇ: ನಾನು ಎರಡು ಬಾಣಲೆಗಳನ್ನು ಬಹಳ ಸೋವಿಯಾಗಿ ಕೊಂಡಿದ್ದೆ.

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನ ಮೈಗೆ ಹತ್ತುವುದಿಲ್ಲ. ಹುಬ್ಬಳ್ಳಿಯ ಸಂತೆಯಲ್ಲಿ ಮೆಂತ್ಯದ ಸೊಪ್ಪು ಕೊಳ್ಳುತ್ತ ಕಲಿತ ಆ ಒಂದು ವಿದ್ಯೆಯಿಂದಲೇ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಅಡುಗೆಮನೆಗಳಿಗೆ ಗ್ರಾನೈಟ್ ಕೂರಿಸುವ ಅಂಗಡಿ ಹಾಕಿ ನಿಂತೆ. ಇಲ್ಲಿ ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿಸಿರುತ್ತಾರೆ. ಜನ ಅದನ್ನು ಬೆಲೆ ಎಂದುಕೊಳ್ಳುತ್ತಾರೆ. ನಾನು ಮಾತುಕತೆಗೆ ಕರೆದಿದ್ದಾರೆ ಎಂದುಕೊಳ್ಳುತ್ತೇನೆ. ಒಮ್ಮೆ ಆಸ್ಟಿನ್‌ನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಿ ಅಗಲಿಸಿಕೊಂಡೇ, ಬೆರಳಿನ ಸನ್ನೆಯಲ್ಲಿ ಚೌಕಾಸಿ ಮಾಡಿದ್ದೆ. ಅವರು ಬೆಲೆ ಇಳಿಸಲಿಲ್ಲ. ಆದರೆ ಒಂದು ಬ್ರಷ್ ಹೆಚ್ಚಿಗೆ ಕೊಟ್ಟು ಬೇಗ ಕಳಿಸಿದರು.

ಗುರುವಾರದ ಅಡುಗೆಯೂ ಒಂದು ಚೌಕಾಸಿಯ ಫಲವೇ. ನನ್ನ ಹೆಂಡತಿ ಸುನಂದಾ ನಮ್ಮ ಕನ್ನಡ ಬಳಗದ ನಾಟಕಗಳ ನಿರ್ದೇಶಕಿ. ಕಲ್ಲು ಕೊಯ್ಯುವ ಯಂತ್ರದ ಮುಂದೆ ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ. ಆದ್ದರಿಂದ ಈ ವರ್ಷ ನಾನೇ ರಾಜನಾಗಬೇಕೆಂದು ಅವಳ ಹಟ. ನನಗೋ ಮಾತು ನೆನಪಿರುವುದಿಲ್ಲ. ಹಿಂದೊಮ್ಮೆ ದ್ವಾರಪಾಲಕನಾಗಿದ್ದಾಗ ಇದ್ದ ಒಂದೇ ಮಾತನ್ನು ರಾಜ ಬರುವ ಮೊದಲೇ ಹೇಳಿ, ಖಾಲಿ ಸಿಂಹಾಸನಕ್ಕೆ ನಮಸ್ಕಾರ ಹಾಕಿ ಬಂದವನು ನಾನು. ಹಾಗಾಗಿ ಒಪ್ಪಂದಕ್ಕೆ ಇಳಿದೆ.

“ಪ್ರತಿ ಗುರುವಾರ ನಾ ಅಡಿಗಿ ಮಾಡ್ತೀನಿ. ನೀ ನನ್ನ ರಾಜನ್ನ ಮಾಡೋದು ಬಿಡು.”

“ಆತು. ಆದ್ರ ಒಂದ ಕರಾರು,” ಎಂದಳು ಸುನಂದಾ. “ನೀವು ಮಾಡಿದ್ದು ಒಂದ ತುಣುಕೂ ಉಳೀಬಾರದು. ಉಳೀತೋ, ಮೀಸಿ ಹಚ್ಚಗೊಂಡು ಸಿಂಹಾಸನದ ಮ್ಯಾಲ ಕುಂದರಬೇಕು.”

ಕೈಗೆ ಕೈ ಹೊಡೆದೆ. ಪಾಸ್ತಾವನ್ನೇ ಆರಿಸಿಕೊಂಡದ್ದು ಬುದ್ಧಿವಂತಿಕೆಯಿಂದ. ಗಮನಿಸಿ, ನೀವು ಸಾರು ಮಾಡಿದರೆ ಉಣ್ಣುವವರ ತಾಯಿ ಎಲ್ಲಿಂದಲೋ ಬಂದು ತಟ್ಟೆಯ ಪಕ್ಕ ಕೂರುತ್ತಾಳೆ. ‘ನಮ್ಮಮ್ಮ ಇದಕ್ಕೆ ಒಂಚೂರು ಬೆಲ್ಲ ಹಾಕ್ತಿದ್ರು’ ಎಂದು ಶುರುವಾಗುತ್ತದೆ. ಉಪ್ಪಿಟ್ಟಿಗೂ ಅದೇ ಗತಿ. ಪಾಸ್ತಾಕ್ಕೆ ಆ ಕಾಟವಿಲ್ಲ. ಹುಬ್ಬಳ್ಳಿಯಿಂದ ಮೈಸೂರಿನವರೆಗೆ ನನ್ನ ಪರಿಚಯದ ಯಾವ ತಾಯಿಯೂ ಇದನ್ನು ನನಗಿಂತ ಚೆನ್ನಾಗಿ ಮಾಡಿದ್ದಿಲ್ಲ, ಏಕೆಂದರೆ ಮಾಡಿಯೇ ಇಲ್ಲ.

ತೊಡಕು ಇದ್ದದ್ದು ಸಾಸೇಜಿನಲ್ಲಿ. ಸುನಂದಾ ಶುದ್ಧ ಸಸ್ಯಾಹಾರಿ. ನಮ್ಮ ಮಹಡಿಯ ಕೋಣೆಯಲ್ಲಿರುವ ಇಮ್ರಾನ್ ಮೈಸೂರಿನ ಹುಡುಗ, ಇಲ್ಲಿ ಎಂ.ಎಸ್. ಓದುತ್ತಿದ್ದಾನೆ, ಅವನಿಗೆ ಹಲಾಲ್ ಅಂಗಡಿಯ ಚಿಕನ್ ಸಾಸೇಜೇ ಆಗಬೇಕು. ಮಗಳು ನಿಧಿ ಏನನ್ನಾದರೂ ತಿನ್ನುತ್ತಾಳೆ, ಯಾವುದನ್ನೂ ಹೊಗಳುವುದಿಲ್ಲ. ಗ್ರಾನೈಟ್ ಇಳಿಸಲು ಡಲ್ಲಾಸ್ ಬಳಿಯ ಮೆಕಿನ್ನಿಗೆ ಹೋದಾಗ ಒಂದು ಅಂಗಡಿಯಲ್ಲಿ ಬಟಾಣಿ ಹಿಟ್ಟಿನ ಸಸ್ಯಾಹಾರಿ ಸಾಸೇಜ್ ಸಿಕ್ಕಿತು. “ನಿಜವಾದದ್ದರ ಪಕ್ಕದಲ್ಲಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ” ಎಂದು ಅಂಗಡಿಯವನು ಎದೆ ಮುಟ್ಟಿಕೊಂಡು ಹೇಳಿದ. ಆ ಗುಣಕ್ಕೇ ಮರುಳಾಗಿ, ಬೆಲೆ ಇನ್ನಷ್ಟು ಇಳಿಸಿ, ಪೆಟ್ಟಿಗೆಗಟ್ಟಲೆ ತಂದೆ. ಎರಡಕ್ಕೂ ಬೇರೆಬೇರೆ ಬಾಣಲೆ ಬೇಕಲ್ಲ; ಹ್ಯೂಸ್ಟನ್‌ನಲ್ಲಿ ಬಾಗಿಲು ಮುಚ್ಚುತ್ತಿದ್ದ ಹೋಟೆಲೊಂದರಿಂದ ಅವನ್ನೂ ಹೊತ್ತು ತಂದೆ. ಒಂದು ಕೆಂಪು ಒಂದು ಕಪ್ಪು ತೆಗೆದುಕೊಂಡರೆ ತುಸು ಹೆಚ್ಚು, ಎರಡೂ ಕಪ್ಪಾದರೆ ಕಡಿಮೆ ಎಂದರು. ನನ್ನಂಥವನು ಬಣ್ಣಕ್ಕೆ ದುಡ್ಡು ಕೊಡುತ್ತಾನೆಯೇ?

ಆ ಗುರುವಾರ ಸಂಜೆ ಎಲ್ಲವೂ ಕ್ರಮವಾಗಿತ್ತು. ದೊಡ್ಡ ಪಾತ್ರೆಯಲ್ಲಿ ಪಾಸ್ತಾ. ಅದಕ್ಕೆ ಬೆಳ್ಳುಳ್ಳಿ, ಟೊಮೆಟೊ, ದೊಣ್ಣೆಮೆಣಸಿನಕಾಯಿ. ಎಡದ ಒಲೆಯ ಬಾಣಲೆ ಸುನಂದಾಳದ್ದು, ಬಲದ್ದು ಇಮ್ರಾನನದು. ಗೊಂದಲ ಬೇಡವೆಂದು ಸಾಸೇಜುಗಳಿಗೆ ಹಲ್ಲುಕಡ್ಡಿಯ ಬಾವುಟ ಬೇರೆ ಚುಚ್ಚಿದ್ದೆ: ಸಸ್ಯಕ್ಕೆ ಹಸಿರು, ಚಿಕನ್‌ಗೆ ಕೆಂಪು. ಬಿಲ್ಲೆಗಳಾಗಿ ಕತ್ತರಿಸುವಾಗ ಬಾವುಟಗಳನ್ನು ಕಿತ್ತು ಪಕ್ಕಕ್ಕಿಟ್ಟೆ. ಎಡ ಎಡವೇ, ಬಲ ಬಲವೇ, ಇನ್ನು ಬಾವುಟವೇಕೆ ಎಂಬ ಧೈರ್ಯ.

ಅಷ್ಟರಲ್ಲಿ ಎಣ್ಣೆ ಹೊಗೆಯಾಡಿ, ಛಾವಣಿಯ ಅಲಾರಂ ಬಾಯಿ ಬಿಟ್ಟಿತು.

“ಅಂಕಲ್, ಹೊರಗೆ ತಗೊಂಡ್ ಹೋಗೋಣ!” ಎಂದು ಇಮ್ರಾನ್ ಒಂದು ಬಾಣಲೆ ಎತ್ತಿಕೊಂಡ. ನಾನೊಂದನ್ನು ಎತ್ತಿಕೊಂಡೆ. ಒಲೆ ಆರಿಸಿ, ಹಿತ್ತಲಿನ ಕಟ್ಟೆಗೆ ಓಡಿ, ಅವನ್ನಿಟ್ಟು, ಒಳಗೆ ಬಂದು ಟವೆಲ್ ಬೀಸಿ ಬೀಸಿ ಅಲಾರಂ ಬಾಯಿ ಮುಚ್ಚಿಸಿದೆವು. ಮರಳಿ ಕಟ್ಟೆಗೆ ಬಂದು ನೋಡಿದರೆ ಎರಡು ಕಪ್ಪು ಬಾಣಲೆಗಳು, ಎರಡರಲ್ಲೂ ಅದೇ ಕಂದು ಬಿಲ್ಲೆಗಳು.

“ನೀನು ಎತ್ತಿದ್ದು ಯಾವುದಪ್ಪ?”

“ಹತ್ತಿರ ಇದ್ದಿದ್ದು ಅಂಕಲ್.”

ಆಗಲೇ ಸುನಂದಾ ಬಂದು ನಿಂತಳು. “ನಂದ್ಯಾವುದ್ರಿ? ಖಾತ್ರಿ ಆಗೋತನಾ ನಾ ಮುಟ್ಟೂದಿಲ್ಲ.” ಮುಟ್ಟದಿದ್ದರೆ ಉಳಿಯುತ್ತದೆ. ಉಳಿದರೆ ಮೀಸೆ. ನನ್ನ ಮೇಲ್ದುಟಿ ಆಗಲೇ ತುರಿಸತೊಡಗಿತು.

ಇಮ್ರಾನನಿಗೆ ಎರಡೂ ನಡೆಯುತ್ತವಲ್ಲ, ರುಚಿ ನೋಡಿಸಿದೆ. ಕಣ್ಣು ಮುಚ್ಚಿ ಅಗಿದ. “ಸಾರಿ ಅಂಕಲ್, ಎರಡರಲ್ಲೂ ನಿಮ್ಮ ಮೆಣಸಿನಪುಡಿನೇ ಬರ್ತಿದೆ.” ನಿಧಿ ಎರಡನ್ನೂ ತಿಂದು, “ಡ್ಯಾಡ್, ದೇ ಬೋತ್ ಟೇಸ್ಟ್ ಲೈಕ್ ಸ್ಮೋಕ್” ಎಂದು ಫೋನಿಗೆ ಮರಳಿದಳು.

ಅಲಾರಂ ಕೇಳಿ ಪಕ್ಕದ ಮನೆಯ ಹ್ಯಾಂಕ್ ತನ್ನ ನಾಯಿ ಶೆರಿಫ್‌ನೊಂದಿಗೆ ಬಂದ. ಟೇಲರ್ ಎಂಬ ಊರಿನ ಕಡೆಯ ಈ ಮನುಷ್ಯ ಹುಟ್ಟಿದ್ದೇ ಸಾಸೇಜ್ ಮಾಡುವವರ ಮನೆಯಲ್ಲಿ. ನನ್ನ ಸಂಕಟ ಕೇಳಿ ಹ್ಯಾಟ್ ತೆಗೆದು ಎದೆಗಿಟ್ಟುಕೊಂಡ. ಎಡದ್ದರಿಂದ ಒಂದು ಬಿಲ್ಲೆ, ಬಲದ್ದರಿಂದ ಒಂದು ಬಿಲ್ಲೆ, ತುಂಬ ಹೊತ್ತು ಅಗಿದು, ಇವೆರಡರಲ್ಲಿ ಯಾವುದೂ ಸಾಸೇಜ್ ಅಲ್ಲ ಎಂದು ತೀರ್ಪು ಕೊಟ್ಟ. ನಾಯಿಗೆ ಮೂಸಿಸಿದರೆ ಗೊತ್ತಾದೀತು, ಅದು ಬೇಟೆ ನಾಯಿಯ ತಳಿ ಎಂದೂ ಹೇಳಿದ.

ಯಾವುದನ್ನು ಮೊದಲು ಮೂಸಿಸಬೇಕು, ಮೂಸಿದ ಮೇಲೆ ಅದನ್ನು ಸುನಂದಾ ತಿನ್ನಬಹುದೇ ಎಂದು ನಾವು ವಾದಕ್ಕೆ ಬಿದ್ದೆವು. ಬಾಣಲೆಗಳು ಅಷ್ಟರಲ್ಲಿ ತಣ್ಣಗಾಗಿದ್ದವು. ಶೆರಿಫ್ ನಮ್ಮ ಅಪ್ಪಣೆಗೆ ಕಾಯದೆ, ಹೆಸರಿಗೆ ತಕ್ಕ ಪೊಲೀಸನಂತೆ ವಿಚಾರಣೆಗೆ ಇಳಿದಿತ್ತು.

“ಶೆರಿಫ್!” ಎಂದು ಹ್ಯಾಂಕ್ ಗರ್ಜಿಸಿದ. ಕಿಟಕಿಯ ಗಾಜು ನಡುಗಿತು. ಬೀದಿಯ ಆಚೆ ಯಾರೋ ಕಾರಿನ ಬ್ರೇಕ್ ಹಾಕಿದರು. ಶೆರಿಫ್ ಮಾತ್ರ ಎರಡನೆಯ ಬಾಣಲೆಯ ತಳವನ್ನು ನಿಧಾನವಾಗಿ ನೆಕ್ಕಿ ಮುಗಿಸಿ, ಯಾವ ಭೇದವನ್ನೂ ತೋರದೆ ಬಾಲ ಆಡಿಸಿತು.

ಎಲ್ಲರೂ ಖಾಲಿ ಬಾಣಲೆಗಳತ್ತ ಬಗ್ಗಿದರು. ನನಗೆ ಮಾತ್ರ ಬೆಳಕು ಮೂಡಿತು. “ಸುನಂದಾ, ನೋಡು! ಒಂದು ತುಣುಕೂ ಉಳಿದಿಲ್ಲ. ಯಾರು ತಿನ್ನಬೇಕು ಅಂತ ಕರಾರಿನ್ಯಾಗ ಇಲ್ಲ!” ಒಳಗಿದ್ದ ತರಕಾರಿ ಪಾಸ್ತಾವನ್ನು ಎಲ್ಲರೂ, ಹ್ಯಾಂಕ್ ಸಹ, ಅಲ್ಲೇ ನಿಂತು ಬಳಿದು ಉಂಡರು. ಪಾತ್ರೆ ತೊಳೆಯುವ ಅಗತ್ಯವೂ ಉಳಿಯಲಿಲ್ಲ.

“ಹೌದ್ರಿ, ನೀವು ಗೆದ್ರಿ” ಎಂದಳು ಸುನಂದಾ. ಮೊದಲ ಮಾತಿಗೇ ಒಪ್ಪುವ ವ್ಯಾಪಾರಿಯನ್ನು ಕಂಡರೆ ನಾನು ಸರಕನ್ನು ಇನ್ನೊಮ್ಮೆ ತಿರುಗಿಸಿ ನೋಡುವವನು. ಅವಳ ಕಣ್ಣು ಹ್ಯಾಂಕನ ಮೇಲಿತ್ತು. “ಎಂಥಾ ದನಿ! ರಾಜಾ ಅಂದ್ರ ಹಿಂಗಿರಬೇಕು ನೋಡ್ರಿ.”

ರಾಜನ ಪಾತ್ರಕ್ಕೆ ಕರೆದಾಗ ಹ್ಯಾಂಕ್ ಕೇಳಿದ್ದು ಒಂದೇ ಪ್ರಶ್ನೆ: ಕುದುರೆ ಇರುತ್ತದೆಯೇ? ನಾಯಿಯನ್ನು ತರಬಹುದು ಎಂದಳು ಸುನಂದಾ. ವ್ಯಾಪಾರ ಕುದುರಿತು.

ಆದರೆ ಹ್ಯಾಂಕನಿಗೆ ಕನ್ನಡ ಬಾರದು. ಸಿಂಹಾಸನದ ಹಿಂದೆ ಕಪ್ಪು ಬಟ್ಟೆ ಹೊದ್ದು ಕುಳಿತು, ಒಂದೊಂದು ಮಾತನ್ನೂ ಅವನ ಕಿವಿಗೆ ಉಸುರುವವರು ಬೇಕು. “ಅದೇನು ಪಾತ್ರ ಅಲ್ಲಲ್ರಿ, ಕರಾರು ಮುರಿಯೂದಿಲ್ಲ” ಎಂದಳು. ಈಗ ರಾಜನ ಅಷ್ಟೂ ಮಾತು ನನಗೆ ಬಾಯಿಪಾಠ. ನವೆಂಬರಿನವರೆಗೆ ಪ್ರತಿ ಶನಿವಾರ ತಾಲೀಮು. ಆಸ್ಟಿನ್ ಆದ ಮೇಲೆ ಡಲ್ಲಾಸ್, ಹ್ಯೂಸ್ಟನ್‌ನಲ್ಲೂ ಪ್ರಯೋಗವಿದೆಯಂತೆ. ಗುರುವಾರದ ಅಡುಗೆಯೂ ತಪ್ಪಿಲ್ಲ, ಅದು ಕರಾರು.

ಆದ್ದರಿಂದ ಓದುಗರೇ, ನನ್ನ ಮಾತು ಕೇಳಿ. ಪಾಸ್ತಾ ಮಾಡಿ, ಖಂಡಿತ ಮಾಡಿ. ಬೇಯಿಸಿದ ನೀರು ಒಂದು ಲೋಟ ತೆಗೆದಿಟ್ಟುಕೊಳ್ಳಿ, ಸಾಸ್ ಗಟ್ಟಿಯಾದರೆ ಬೇಕಾಗುತ್ತದೆ. ಸಾಸೇಜ್ ಹುರಿಯುವ ಮೊದಲು ಕಿಟಕಿ ತೆರೆಯಿರಿ. ಬಾಣಲೆಗಳನ್ನು ಬೇರೆಬೇರೆ ಬಣ್ಣದವೇ ಕೊಳ್ಳಿ, ಕೇಳಿದಷ್ಟು ಕೊಟ್ಟು ಬನ್ನಿ. ಹೀಗೆ ನಾನು ಹೇಳಿದ್ದು ಇದೇ ಮೊದಲು. ಮತ್ತೆ, ಎಂದಾದರೂ ಸಿಂಹಾಸನದ ಹಿಂದೆ ಕೂರುವ ಪ್ರಸಂಗ ಬಂದರೆ ಒಂದು ದಿಂಬು ಒಯ್ಯಿರಿ. ರಾಜನ ನಾಯಿ ಆಗಾಗ ಪರದೆಯೊಳಗೆ ಮೂತಿ ತೂರಿಸುತ್ತದೆ, ಜೇಬಿನಲ್ಲೊಂದು ಸಾಸೇಜ್ ಇರಲಿ. ಯಾವುದಾದರೂ ನಡೆಯುತ್ತದೆ.