ಪೂರ್ಣಕ್ಕಿಂತ ದೊಡ್ಡವರಾದ ಮಧ್ಯಮರಿಗೆ

ಚಿಕ್ಕಲಸಂದ್ರ,
ನವೆಂಬರ್ ೧೫

ನಮ್ಮ ನಡುಮನೆಯಲ್ಲಿ ಮೂರು ಕಾಲಿನ ಪೀಠದ ಮೇಲೆ ವಿರಾಜಮಾನರಾಗಿರುವ ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ ಅವರ ಸನ್ನಿಧಾನಕ್ಕೆ, ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತನಾದ ಚಕ್ರಪಾಣಿಯ ಸವಿನಯ ನಮಸ್ಕಾರಗಳು.

ಮಾನ್ಯರೇ,

ಮೊದಲು ಕ್ಷಮಾಯಾಚನೆ. ತಮಗೆ ಬರೆದ ಹಿಂದಿನ ದೂರುಪತ್ರದ ನೆತ್ತಿಯಲ್ಲಿ ‘ಜನವರಿ ೧’ ಎಂಬ ದಿನಾಂಕವಿತ್ತು. ತಾವು ತೆಗೆದ ಚಿತ್ರದ ಮೂಲೆಯಲ್ಲಿದ್ದುದನ್ನು ನಂಬಿ ಹಾಗೆಯೇ ನಕಲು ಮಾಡಿದ್ದು ನನ್ನ ಪ್ರಮಾದ. ತಮ್ಮೊಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಎಂದೋ ತೀರಿಕೊಂಡಿದೆಯೆಂದೂ, ಆದಕಾರಣ ತಮ್ಮನ್ನು ಆರಿಸಿ ಮತ್ತೆ ಹೊತ್ತಿಸಿದಾಗಲೆಲ್ಲ ತಮಗೆ ಹೊಸ ವರ್ಷ ಹುಟ್ಟುತ್ತದೆಯೆಂದೂ ಅನಂತರ ತಿಳಿಯಿತು. ಇಷ್ಟು ಸಲ ಹೊಸ ವರ್ಷ ಆಚರಿಸಿಯೂ ಅಮಲೇರದವರು ಬೆಂಗಳೂರಿನಲ್ಲಿ ತಾವೊಬ್ಬರೇ ಇರಬೇಕು.

ತಮ್ಮನ್ನು ‘ಕ್ಯಾಮೆರಾ’ ಎಂದು ಕರೆಯಲು ನನಗೆ ಆಕ್ಷೇಪವಿಲ್ಲ. ಆ ಪದವು ಕನ್ನಡದ ವಿಭಕ್ತಿ ಪ್ರತ್ಯಯಗಳಿಗೆಲ್ಲ ತಲೆಬಾಗಿ ನಮ್ಮದೇ ಆಗಿದೆ. ನನ್ನ ತಕರಾರು ‘ಮೀಡಿಯಂ’ ಎಂಬ ಬಿರುದಿನ ಮೇಲೆ. ತಮ್ಮೊಳಗಿನ ಬೆಳಕು ಹಿಡಿಯುವ ಫಲಕವು ‘ಫುಲ್ ಫ್ರೇಮ್’ ಎಂಬ ಕುಲದವರ ಫಲಕಕ್ಕಿಂತ ದೊಡ್ಡದಂತೆ. ಎಂದರೆ, ಪೂರ್ಣಕ್ಕಿಂತ ಮಧ್ಯಮ ದೊಡ್ಡದು! ಜಯನಗರದ ಹೋಟೆಲೊಂದರಲ್ಲಿ ಫುಲ್ ಊಟ ಕೇಳಿದವನಿಗಿಂತ ಮೀಡಿಯಂ ಊಟದವನ ಎಲೆಗೆ ಹೆಚ್ಚು ಅನ್ನ ಬಿದ್ದರೆ ಅಲ್ಲಿ ಕುರ್ಚಿಗಳು ಹಾರಾಡುತ್ತವೆ. ಫಿಲ್ಮಿನ ಕಾಲದಲ್ಲಿ ತಮಗಿಂತ ದೊಡ್ಡ ಹಿರಿಯರಿದ್ದರು, ಆದ್ದರಿಂದ ತಾವು ನಡುವಿನವರು ಎಂಬ ಸಮಜಾಯಿಷಿಯನ್ನು ಕೇಳಿದ್ದೇನೆ. ಹಿರಿಯರು ಮನೆಯಲ್ಲಿ ಕಾಣದಿದ್ದರೂ ಅವರ ಹೆಸರಿನಲ್ಲಿ ಸಂಕೋಚಪಡುವ ತಮ್ಮ ಸಂಸ್ಕಾರ ದೊಡ್ಡದು. ಕನ್ನಡ ವ್ಯಾಕರಣದಲ್ಲಿ ಮಾತ್ರ ‘ಮಧ್ಯಮ ಪುರುಷ’ ಎಂದರೆ ‘ನೀನು’ ಎಂದರ್ಥ, ಎದುರಿಗಿರುವವರು ಎಂದರ್ಥ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಎರಡನೆಯ ಬಿರುದು ‘ಕೈಗೆಟುಕುವ’. ಜೆ.ಪಿ. ನಗರದಲ್ಲಿ ಹಳೆಯ ಕ್ಯಾಮೆರಾಗಳನ್ನು ಮಾರುವ ಶ್ರೀ ರೇವಂತ್ ಅವರು ತಮ್ಮನ್ನು ಅಂಗಡಿಯ ಮೇಲಿನ ಹಲಗೆಯಿಂದ ಇಳಿಸಲು ಸ್ಟೂಲು ಹತ್ತಬೇಕಾಯಿತು. ಸದಾಶಿವನಗರದ ನಿವೇಶನದ ಪಕ್ಕದಲ್ಲಿಟ್ಟು ನೋಡಿದರೆ ಜಯನಗರದ ನಿವೇಶನವೂ ಅಗ್ಗವೇ. ತಮ್ಮ ಕುಲದ ಹೊಸಬರ ಪಕ್ಕದಲ್ಲಿ ತಾವೂ ಹಾಗೆಯೇ. ತಮ್ಮ ಹಿಂದೆಯೇ ಮಸೂರವೊಂದು ಸೊಸೆಯ ಹಾಗೆ ಮನೆಗೆ ಬರಬೇಕೆಂಬುದನ್ನೂ, ತಮ್ಮ ಒಂದು ಚಿತ್ರವನ್ನು ತೆರೆಯಹೋಗಿ ನನ್ನ ಗಣಕಯಂತ್ರವು ಮೌನವ್ರತ ಹಿಡಿಯುವುದೆಂಬುದನ್ನೂ ಆಗ ಯಾರೂ ಹೇಳಲಿಲ್ಲ. ಶ್ರೀ ರೇವಂತ್ ಹೇಳಿದ್ದನ್ನು, ಭಾಷೆಯ ಹೊಣೆ ಹೊರದೆ, ಯಥಾವತ್ತಾಗಿ ಕೊಡುತ್ತೇನೆ: “ತಗೊಳಿ ಅಂಕಲ್, ಸಖತ್ ಪೀಸು. ಆಂಟಿ ರೆಪ್ಪೆ ಕೂದ್ಲು ಒಂದೊಂದೂ ಎಣಿಸ್ಬೋದು!”

ರೆಪ್ಪೆಯ ಮಾತೇ ನನ್ನನ್ನು ಕೆಡವಿತು. ನನ್ನ ಪತ್ನಿ ವಾರಿಜಾಳ ಕಣ್ಣು ತೆರೆದಿರುವ ಚಿತ್ರ ಈ ಭೂಮಿಯ ಮೇಲೆ ಒಂದೂ ಇಲ್ಲ. ಧಾರೆಯ ಚಿತ್ರದಲ್ಲಿ ಆಕೆ ಕಣ್ಣು ಮುಚ್ಚಿದ್ದಾಳೆ. ಮಗಳ ನಾಮಕರಣದಲ್ಲಿ ಮಗುವೇ ಎಚ್ಚರವಾಗಿದೆ, ತಾಯಿ ಸಮಾಧಿಸ್ಥಿತಿಯಲ್ಲಿದ್ದಾಳೆ. ಕಳೆದ ತಿಂಗಳು ಆಲ್ಬಮ್ ತಿರುವುತ್ತ ಆಕೆ ಅಂದಳು: “ರೀ, ನಾಳೆ ನಾನು ಹೋದ್ಮೇಲೆ ಹಾರ ಹಾಕೋ ಫೋಟೋದಲ್ಲೂ ಕಣ್ ಮುಚ್ಕೊಂಡೇ ಇದ್ರೆ, ಹೋದ್ಮೇಲೇ ತೆಗೆಸಿದ್ದು ಅಂತಾರೆ ಜನ. ಒಂದಾದ್ರೂ ಸರಿಯಾಗಿ ತೆಗೀರಿ.” ಆಕೆ ನಗುತ್ತಲೇ ಅಂದದ್ದು. ನನಗೆ ನಗು ಬರಲಿಲ್ಲ. ಮರುದಿನವೇ ಜೆ.ಪಿ. ನಗರಕ್ಕೆ ಹೋದೆ.

ತಮ್ಮ ಪ್ರತಾಪವನ್ನು ಎಷ್ಟು ಹೊಗಳಿದರೂ ಸಾಲದು. ಅಭ್ಯಾಸಕ್ಕೆಂದು ತಮ್ಮನ್ನು ಬೀದಿಯಲ್ಲಿ ನಿಲ್ಲಿಸಿದರೆ, ಚಿಕ್ಕಲಸಂದ್ರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವ ನೆರೆಮನೆಯ ಮುನಿಯಕ್ಕನವರು ಗೇಟಿಗೆ ಅಡ್ಡ ನಿಂತು, “ಏನ್ ಸ್ವಾಮಿ, ರೋಡ್ ಅಗಲ ಮಾಡಕ್ಕೆ ಅಳತೆ ಹಾಕ್ತಿದೀರಾ? ನಮ್ ಕಾಂಪೌಂಡ್ ಮುಟ್ಟುದ್ರೆ ಸುಮ್ನಿರಲ್ಲ ನೋಡಿ!” ಎಂದರು. ಮನೆಯೊಳಗೆ ತಾವು ವಾರಿಜಾಳ ರೆಪ್ಪೆಗೂದಲನ್ನು ಒಂದೊಂದಾಗಿ, ದಿವ್ಯ ಸ್ಪಷ್ಟತೆಯಿಂದ ತೋರಿಸಿದಿರಿ. ಏಕೆಂದರೆ ರೆಪ್ಪೆಗಳು ಮುಚ್ಚಿಯೇ ಇದ್ದವು. ತಾವು ಫೋಕಸ್ ಹಿಡಿಯಲು ಹಿಂದುಮುಂದು ಗುರುಗುಟ್ಟುವಷ್ಟು ಹೊತ್ತು ಯಾವ ಮನುಷ್ಯರ ಕಣ್ಣು ತೆರೆದಿರಲು ಸಾಧ್ಯ? (ಫೋಕಸ್‌ಗೆ ಪಠ್ಯಪುಸ್ತಕಗಳಲ್ಲಿ ‘ನಾಭಿ’, ‘ಸಂಗಮ’ ಎಂಬ ಪದಗಳಿವೆ. ‘ಹೆಂಡತಿಯ ನಾಭಿ ಸಿಗಲಿಲ್ಲ’ ಎಂದಾಗಲಿ, ‘ಸಂಗಮ ವಿಫಲವಾಯಿತು’ ಎಂದಾಗಲಿ ಬಹಿರಂಗ ಪತ್ರದಲ್ಲಿ ಬರೆಯಲು ನನ್ನ ವಯಸ್ಸು ಒಪ್ಪದ ಕಾರಣ ಇಂಗ್ಲಿಷನ್ನೇ ಬಳಸಿದ್ದೇನೆ.) ಆದ್ದರಿಂದಲೇ ತಮ್ಮನ್ನು ಅಂಗಡಿಗೆ ಮರಳಿಸುವ ದಿನವನ್ನು ಹಿಂದಿನ ಪತ್ರದಲ್ಲಿ ಘೋಷಿಸಿದ್ದೆ.

ನಿನ್ನೆ ಕೊನೆಯ ಪ್ರಯತ್ನವೆಂದು ಆಕೆಯನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ಕೂರಿಸಿದೆ. ತಾವು ಗುರುಗುಟ್ಟಿದಿರಿ, ಆಕೆ ಕಣ್ಣು ಮುಚ್ಚಿದಳು. ಮತ್ತೆ ಗುರುಗುಟ್ಟಿದಿರಿ, ಮತ್ತೆ ಮುಚ್ಚಿದಳು. ತಾಳ್ಮೆ ತಪ್ಪಿ ನಾನು ಕೂಗಿದೆ: “ಅಯ್ಯೋ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ!”

ಮಾನ್ಯರೇ, ನಮ್ಮ ಮನೆಯಲ್ಲಿ ಕನ್ನಡ ಬಿಟ್ಟು ‘ಅಡ್ಜಸ್ಟ್’ ಎಂದವರು ಅಂದಿನ ಪಾತ್ರೆ ತೊಳೆಯಬೇಕೆಂಬುದು ಮದುವೆಯಾದ ಹೊಸತರಲ್ಲಿ ನಾನೇ ಮಾಡಿದ ಕಾನೂನು. ಅಂದಿನಿಂದ ಪಾತ್ರೆ ತೊಳೆಯುತ್ತ ಬಂದವಳು ಅವಳು. ನನ್ನ ಮಾತು ಕೇಳಿದ್ದೇ ತಡ, ಕಣ್ಣು ಅರಳಿಸಿ, ಬಾಯಿ ತುಂಬ ನಕ್ಕು, “ಏಳ್ರೀ! ತೊಳೀರಿ ಪಾತ್ರೆ!” ಎಂದಳು. ಆ ಕ್ಷಣದಲ್ಲಿ ನನ್ನ ಬೆರಳು ಗುಂಡಿಯನ್ನು ಒತ್ತಿತು. ತಾವು ಎಂದಿನ ಘನತೆಯಿಂದ ಆಕೆಯನ್ನು ಬಿಟ್ಟು ಹಿಂದಿನ ಕ್ಯಾಲೆಂಡರಿಗೆ ಫೋಕಸ್ ಹಿಡಿದಿದ್ದಿರಿ. ಅದರಲ್ಲಿ ರಾಹುಕಾಲ, ಗುಳಿಕಕಾಲಗಳು ಕೂಡ ಸ್ಪಷ್ಟವಾಗಿವೆ. ಮುಂದೆ ಕುಳಿತು ನಗುತ್ತಿರುವ ನನ್ನ ವಾರಿಜಾ ಮಸುಕಾಗಿದ್ದಾಳೆ, ಕಣ್ಣು ತೆರೆದಿದ್ದಾಳೆ.

ಅಳಿಸಲು ಹೊರಟ ನನ್ನ ಕೈಯನ್ನು ಆಕೆ ತಡೆದಳು. “ಇರ್ಲಿ ಬಿಡ್ರೀ. ಸುಕ್ಕೂ ಕಾಣಲ್ಲ. ಇದಕ್ಕೇ ಹಾರ ಹಾಕಿ. ಈಗ್ಲೇ ಅಲ್ಲ ಮತ್ತೆ!”

ಆದಕಾರಣ, ತಮ್ಮಂಥವರನ್ನು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಸ್ಪಷ್ಟವಾದ ಚಿತ್ರ ಬೇಕಾದವರು ಕೊಳ್ಳಬೇಡಿ; ನಲವತ್ತು ವರ್ಷ ಜತನವಾಗಿ ಕಾಯ್ದ ಭಾಷೆಯನ್ನು ಒಂದೇ ಕ್ಷಣದಲ್ಲಿ ಕಳೆದುಕೊಳ್ಳುವಷ್ಟು ರೋಸಿಹೋಗಬೇಕೆನ್ನುವವರು ಅವಶ್ಯ ಕೊಳ್ಳಿ. ತಮ್ಮಲ್ಲಿ ಎರಡು ಸಣ್ಣ ಕೋರಿಕೆಗಳಿವೆ: ತಮ್ಮ ಬಿರುದನ್ನು ‘ಪೂರ್ಣಾಧಿಕ’ ಎಂದು ಬದಲಿಸಿಕೊಳ್ಳತಕ್ಕದ್ದು, ಮತ್ತು ಎದುರಿಗೆ ಯಾರಾದರೂ ನಕ್ಕಾಗ ಗೋಡೆಯ ಕಡೆಗೆ ನೋಡದೆ, ಮಧ್ಯಮ ಪುರುಷರ ಕಡೆಗೆ ನೋಡತಕ್ಕದ್ದು.

ಪಾತ್ರೆ ತೊಳೆದ ಒದ್ದೆ ಕೈಯಿಂದ ಸಹಿ ಮಾಡುವ,
ತಮ್ಮ ವಿಶ್ವಾಸಿ (ಗಡಿಯಾರದ ವಿಷಯವೊಂದನ್ನು ಬಿಟ್ಟು),
ಚಕ್ರಪಾಣಿ

ಮರೆತ ಮಾತು: ಇಂಥ ಮಸುಕು ಚಿತ್ರವನ್ನು ವಾರಿಜಾಳ ಫೋನು ಪುಕ್ಕಟೆಯಾಗಿ ತೆಗೆಯುತ್ತಿತ್ತೆಂದು ಶ್ರೀ ರೇವಂತ್ ಅವರಿಗೆ ತಾವೇ ತಿಳಿಸಿಬಿಡಿ, ನನಗೆ ಮುಜುಗರ. ಇನ್ನು, ದಿನಾಂಕಗಳ ತಿದ್ದುಪಡಿ:

ಹಿಂದಿನ ಪತ್ರ: ‘ಜನವರಿ ೧’ ಎಂದಿರುವುದು ‘ನವೆಂಬರ್ ೧೦’ ಎಂದಾಗಬೇಕು.

ಮುನಿಯಕ್ಕನವರ ಕಾಂಪೌಂಡಿನ ಚಿತ್ರ, ಮುನಿಯಕ್ಕನವರ ಸಮೇತ: ‘ಜನವರಿ ೧’ ಅಲ್ಲ, ‘ನವೆಂಬರ್ ೮’.

ವಾರಿಜಾ, ಕಣ್ಣು ತೆರೆದು: ತಮ್ಮ ಪ್ರಕಾರ ‘ಜನವರಿ ೧’, ಹಿಂದಿನ ಕ್ಯಾಲೆಂಡರಿನ ಪ್ರಕಾರ ‘ನವೆಂಬರ್ ೧೨’ (ಹಾಳೆ ಹರಿಯುವುದು ನನ್ನ ಕೆಲಸ, ಮರೆತಿದ್ದೆ), ಸರಿಯಾದುದು ‘ನವೆಂಬರ್ ೧೪’.

ತಮ್ಮನ್ನು ಅಂಗಡಿಗೆ ಮರಳಿಸುವ ದಿನ: ‘ನವೆಂಬರ್ ೧೭’ ಎಂಬುದನ್ನು ತೆಗೆದುಹಾಕುವುದು. ಅದರ ಜಾಗದಲ್ಲಿ ಬೇರೆ ಯಾವ ದಿನಾಂಕವನ್ನೂ ಸೇರಿಸತಕ್ಕದ್ದಲ್ಲ.