ಸ್ಪಂಜಿನ ಮೈಲಿಗೆ

‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂದು ಹಿರಿಯರು ಎರಡನ್ನೂ ಬೇರೆ ಬೇರೆ ಇಟ್ಟು ಹೇಳಿದ್ದಾರೆ. ನನ್ನ ಮನೆಯಲ್ಲಿ ಮಾತೂ ತೂತೂ ಒಟ್ಟಿಗೇ ಸೇರಿ ಕೆಡಿಸಿದವು. ಮಾತು ನನ್ನದು, ತೂತು ಒಂದು ಸ್ಪಂಜಿನದು. ಶಿಕ್ಷೆ ಮಾತ್ರ ನನ್ನೊಬ್ಬನಿಗೇ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಚೆಟ್ಟಳ್ಳಿ ಕಡೆಯ ತೋಟದ ದೊರೆಯೊಬ್ಬರಿಗೆ ನಾನು ಕನ್ನಡ ಹೇಳಿಕೊಡುತ್ತಿದ್ದೆ. ಅವರು ಇಂಗ್ಲೆಂಡಿಗೆ, ತಮ್ಮ ಸೀಮೆಗೆ, ಹೊರಟಾಗ ಪ್ರೀತಿಯಿಂದ ಸಮುದ್ರದಲ್ಲಿ ಸಿಗುವ ಒಂದು ಹೊಸ ಸ್ಪಂಜು ಕೊಟ್ಟರು. ದೊರೆಗಳು ಅದರಲ್ಲಿ ಮೈ ಉಜ್ಜಿಕೊಳ್ಳುತ್ತಾರಂತೆ. ನನ್ನ ಹೆಂಡತಿ ಅರ್ಚಕರ ಮನೆಯ ಮಗಳು. ಮೈಗೆ ಕಡಲೆಹಿಟ್ಟಿರುವಾಗ ಇದೇಕೆಂದು ಅದನ್ನು ಅಡಿಗೆಮನೆಗೆ ಒಯ್ದಳು. ಮಡಿಕೇರಿಯಲ್ಲಿ ಆಷಾಢದಲ್ಲಿ ಒಗೆದ ಒರೆಸುವ ಬಟ್ಟೆ ದಸರೆಗೆ ಒಣಗುತ್ತದೆ. ಸ್ಪಂಜಾದರೋ ಹಿಂಡಿದರೆ ಆಯಿತು. ಒಲೆಕಟ್ಟೆ, ದೇವರ ಮನೆ, ಸಾಲಿಗ್ರಾಮದ ಪೆಟ್ಟಿಗೆ, ಎಲ್ಲಕ್ಕೂ ಅದೇ. “ಸಮುದ್ರದ ಹತ್ತಿ ಇರ್ಬೇಕು ಕಣ್ರೀ, ಎಷ್ಟು ಶುದ್ಧ!” ಎಂದು ಪಕ್ಕದ ಮನೆಯವರಿಗೂ ತೋರಿಸಿ ಬಂದಳು.

ಹಾಗೇ ಇದ್ದುಬಿಡಬಹುದಿತ್ತು. ಅಷ್ಟರಲ್ಲಿ ಶಾಲೆಯಲ್ಲಿ ನನಗೆ ಪ್ರಾಣಿಶಾಸ್ತ್ರದ ಪಾಠ ಅಂಟಿಸಿದರು. ಪುಸ್ತಕ ಮಗುಚಿದರೆ, ಸ್ಪಂಜು ಒಂದು ಪ್ರಾಣಿ! ಮಧ್ಯಾಹ್ನ ಊಟಕ್ಕೆ ಕೂತವನು ಹೊಸ ವಿದ್ಯೆಯನ್ನು ತಡೆದುಕೊಳ್ಳಲಾರದೆ ಹೇಳಿಯೇಬಿಟ್ಟೆ.

“ಪ್ರಾಣೀನಾ? ಮತ್ತೆ ನಮ್ಮನೇಲಿರೋದು?” ಎಂದಳು, ಸೌಟು ಹಿಡಿದೇ.

“ಅದರ ಅಸ್ಥಿಪಂಜರ” ಎಂದೆ.

ಸತ್ಯ ಹೇಳಿದವನನ್ನು ಅರ್ಧ ಊಟದಲ್ಲಿ ಎಬ್ಬಿಸಿ ಜಗಲಿಗೆ ಅಟ್ಟಿದಳು. ಘಮಘಮಿಸುತ್ತಿದ್ದ ಸಾರು ಬಚ್ಚಲು ಸೇರಿತು. “ಮನೆಗೆ ತಂದೋರು ನೀವೇ. ತಣ್ಣೀರು ಸ್ನಾನ ಮಾಡ್ದೆ ಹೊಸಿಲು ದಾಟ್ಬೇಡಿ.” ಹೊರಗೆ ಮಳೆ, ಒಳಗೆ ಹಸಿವು! ನನಗೆ ರೇಗಿತು. “ಅದಕ್ಕೆ ತಲೆ ಇಲ್ಲ, ಬಾಯಿ ಇಲ್ಲ, ರಕ್ತ ಇಲ್ಲ. ಒಂದು ಕಡೆ ಅಂಟಿಕೊಂಡು ಕೂತಿರುತ್ತೆ. ಮೈಯ ತೂತುಗಳಿಂದ ನೀರು ಎಳ್ಕೊಂಡು, ಅದರಲ್ಲಿ ಬಂದದ್ದನ್ನ ತಿಂದು, ನೀರನ್ನ ಹೊರಗೆ ಬಿಡುತ್ತೆ, ಅಷ್ಟೇ!”

“ಕೂತಲ್ಲೇ ಕೂತು ಬಂದದ್ದು ತಿನ್ನೋದಾ? ನಿಮ್ಮಂಥದೇ ಅನ್ನಿ. ಆದ್ರೂ ಜೀವ ಜೀವಾನೇ.”

ಇದನ್ನು ಯಾವ ಗಂಡಸು ಸಹಿಸಿಯಾನು? ಪುಸ್ತಕದ ಮುಂದಿನ ಪಾಠವನ್ನೂ ನಾನು ಓದಿದ್ದೆ. “ನಿನ್ನ ಕೊರಳಿನ ಹವಳ ಏನಂದ್ಕೊಂಡೆ? ಸಮುದ್ರದ ಪುಟ್ಟ ಪ್ರಾಣಿಗಳು ಸೇರಿ ಕಟ್ಟಿದ ಎಲುಬು! ಸ್ಪಂಜಿಗಾದ್ರೂ ಬಾಯಿ ಇಲ್ಲ. ಇವಕ್ಕೆ ಬಾಯಿ ಉಂಟು, ಸುತ್ತ ಕುಟುಕೋ ಕೈಗಳುಂಟು. ತಿನ್ನೋದೂ ವಿಸರ್ಜನೆಯೂ ಒಂದೇ ಬಾಯಲ್ಲಿ!”

ಗೆದ್ದೆನೆಂದು ಮೀಸೆ ತೀಡಿದೆ. ಅವಳು ಜಗಳಾಡಲಿಲ್ಲ. “ಹಾಗಾದ್ರೆ ಇದೂ ಮೈಲಿಗೆ” ಎಂದು ಎರಡೂ ಕೈಗಳನ್ನು ಕತ್ತಿನ ಹಿಂದಕ್ಕೆ ಒಯ್ದಳು. ಹವಳ ಪೋಣಿಸಿದ್ದದ್ದು ಕರಿಮಣಿ ಸರದಲ್ಲಿ, ತಾಳಿಯ ಆಚೆಗೊಂದು ಈಚೆಗೊಂದು. “ತೆಗೆದಿಡ್ಲಾ?”

ನಾನು ಶಕುನ, ಮೈಲಿಗೆಗಳನ್ನು ತರಗತಿಯಲ್ಲಿ ಗೇಲಿ ಮಾಡುವ ಮೇಷ್ಟ್ರು. ಆದರೆ ಆ ಸರ ಕಳಚಿದರೆ ಯಾರ ಆಯುಸ್ಸಿಗೆ ಸಂಚಕಾರವೆಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಬೇಡ ಕಣೇ, ಬೇಡ! ಹವಳ ನವರತ್ನದಲ್ಲಿ ಒಂದು, ಅಪ್ಪಟ ಕಲ್ಲು! ಪುಸ್ತಕ ಬರೆದವನಿಗೆ ಏನು ಗೊತ್ತು?” ಎಂದು ಕೂಗುತ್ತಾ ಹಿತ್ತಲಿಗೆ ಓಡಿ, ಎರಡು ಕೊಡ ತಣ್ಣೀರು ಸುರಿದುಕೊಂಡೆ.

ಸ್ಪಂಜು ಈಗ ಶಾಲೆಯಲ್ಲಿ ಕರಿಹಲಗೆ ಒರೆಸುತ್ತಿದೆ. ಮರುದಿನ ಅದರ ಪಾಠವನ್ನು ಸೀನುತ್ತಲೇ ಚೆನ್ನಾಗಿ ಮಾಡಿದೆ. ಮುಂದೆ ಹವಳ ಬಂತು. ನಾಲ್ಕು ಪುಟ ಒಟ್ಟಿಗೇ ಮಗುಚಿ ನೇರ ಎರೆಹುಳಕ್ಕೆ ಹೋದೆ.